ಸೊರಗಿದ ಶಾಲೆಗಳ ಮಕ್ಕಳಿಗೆ ಚಾರ್ಟರ್ ಶಾಲೆ: ಅರ್ಜಿ ಹಾಕುವ ಮುನ್ನ

ಅಮೆರಿಕದ ಮಸಾಚುಸೆಟ್ಸ್ ರಾಜ್ಯದಲ್ಲಿ ಹತ್ತು ಮಂದಿ ಪೋಷಕರು ಒಟ್ಟಾದರೆ, ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯೊಂದನ್ನು ತೆರೆಯಲು ಅನುಮತಿ ಕೇಳಬಹುದು. ಇದು ಯಾರೋ ದೊಡ್ಡ ಮನಸ್ಸು ಮಾಡಿ ಕೊಟ್ಟ ಅವಕಾಶವಲ್ಲ. ಆ ರಾಜ್ಯದ ಸಾಮಾನ್ಯ ಕಾನೂನುಗಳ 71ನೇ ಅಧ್ಯಾಯದ 89ನೇ ಸೆಕ್ಷನ್ನಿನಲ್ಲಿ ಬರೆದಿಟ್ಟ ಮಾತು. ಹತ್ತು ಅಥವಾ ಹೆಚ್ಚು ಪೋಷಕರು, ಅರ್ಹತಾಪತ್ರ ಇರುವ ಇಬ್ಬರು ಅಥವಾ ಹೆಚ್ಚು ಶಿಕ್ಷಕರು, ಲಾಭದ ಉದ್ದೇಶವಿಲ್ಲದ ಸಂಸ್ಥೆ, ಇವರೆಲ್ಲ ಅರ್ಜಿದಾರರಾಗಬಹುದು. ಲಾಭಕ್ಕಾಗಿ ನಡೆಯುವ ಕಂಪನಿಗೆ ಬಾಗಿಲು ಮುಚ್ಚಿದೆ. ಈಗಾಗಲೇ ನಡೆಯುತ್ತಿರುವ ಖಾಸಗಿ ಶಾಲೆ ಅಥವಾ ಚರ್ಚಿನ ಶಾಲೆ ಹೆಸರು ಬದಲಿಸಿಕೊಂಡು ಬರುವಂತೆಯೂ ಇಲ್ಲ.

ಬಾಸ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಹಲವು, ಮನೆ ಹುಡುಕುವಾಗ ಮೊದಲು ನೋಡುವುದು ಆ ಊರಿನ ಶಾಲೆ ಹೇಗಿದೆ ಎಂಬುದನ್ನು. ಒಳ್ಳೆಯ ಶಾಲೆಯಿರುವ ಊರಿನಲ್ಲಿ ಬಾಡಿಗೆಯೂ ಹೆಚ್ಚು, ಮನೆಯ ಬೆಲೆಯೂ ಹೆಚ್ಚು. ಹಾಗೆ ಊರನ್ನು ಆರಿಸಿಕೊಳ್ಳುವ ಶಕ್ತಿಯಿಲ್ಲದ ಮನೆಯ ಮಕ್ಕಳು ಏನು ಮಾಡಬೇಕು? ಚಾರ್ಟರ್ ಶಾಲೆಯ ಕಾನೂನು ಉತ್ತರಿಸಲು ಹೊರಟಿರುವುದು ಈ ಪ್ರಶ್ನೆಗೆ. ಅಲ್ಲಿ ವಾಸಿಸುವ ನಮ್ಮವರು ಇದನ್ನು ತಿಳಿದಿರಬೇಕು. ತಮ್ಮ ಮಕ್ಕಳಿಗಾಗಿ ಮಾತ್ರವಲ್ಲ, ಪಕ್ಕದೂರಿನ ಮಕ್ಕಳಿಗಾಗಿಯೂ.

ಚಾರ್ಟರ್ ಶಾಲೆ ಎಂದ ಕೂಡಲೇ ನಮ್ಮಲ್ಲಿ ಅನುದಾನಿತ ಶಾಲೆ ನೆನಪಾಗುವುದು ಸಹಜ. ಎರಡೂ ಬೇರೆ ಬೇರೆ. ನಮ್ಮ ಅನೇಕ ಅನುದಾನಿತ ಶಾಲೆಗಳನ್ನು ಮಠಗಳು, ಮಿಷನ್ನುಗಳು ನಡೆಸುತ್ತವೆ. ಚಾರ್ಟರ್ ಶಾಲೆ ಕಾನೂನಿನ ಕಣ್ಣಿನಲ್ಲಿ ಸಾರ್ವಜನಿಕ ಶಾಲೆಯೇ. ಶುಲ್ಕ ವಸೂಲು ಮಾಡುವಂತಿಲ್ಲ, ಧರ್ಮಬೋಧನೆ ಮಾಡುವಂತಿಲ್ಲ, ಪ್ರವೇಶಕ್ಕೆ ಪರೀಕ್ಷೆ ಇಡುವಂತಿಲ್ಲ. ಊರಿನ ಸ್ಕೂಲ್ ಕಮಿಟಿಯ ಅಧೀನದಲ್ಲಿ ಇರುವುದಿಲ್ಲ ಎಂಬುದು ಮುಖ್ಯ ವ್ಯತ್ಯಾಸ. ತನ್ನದೇ ಟ್ರಸ್ಟಿಗಳ ಮಂಡಳಿ ಅದನ್ನು ನಡೆಸುತ್ತದೆ. ರಾಜ್ಯದ ಜೊತೆ ಐದು ವರ್ಷದ ಕರಾರು ಇರುತ್ತದೆ, ಆ ಕರಾರಿನ ಹೆಸರೇ ಚಾರ್ಟರ್. ಐದು ವರ್ಷದಲ್ಲಿ ಹೇಳಿದ್ದನ್ನು ಮಾಡಿ ತೋರಿಸದಿದ್ದರೆ ರಾಜ್ಯ ಅದನ್ನು ನವೀಕರಿಸದೆ ಇರಬಹುದು. ಅವಧಿಯ ನಡುವೆಯೇ ಷರತ್ತು ಹಾಕಬಹುದು, ರದ್ದೂ ಮಾಡಬಹುದು.

ಇಂಥ ಶಾಲೆಗೆ ದೇಶದಲ್ಲಿ ಮೊದಲು ಕಾನೂನು ಮಾಡಿದ್ದು ಮಿನ್ನೆಸೋಟ, 1991ರಲ್ಲಿ. ಮಸಾಚುಸೆಟ್ಸ್‌ನ ಕಥೆ ನ್ಯಾಯಾಲಯದಿಂದ ಶುರುವಾಗುತ್ತದೆ. ಬಡ ಊರುಗಳ ವಿದ್ಯಾರ್ಥಿಗಳು ಹೂಡಿದ್ದ ಮೆಕ್‌ಡಫಿ ಮೊಕದ್ದಮೆಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1993ರ ಜೂನ್ 15ರಂದು ತೀರ್ಪು ಕೊಟ್ಟಿತು: ಬಡವ ಬಲ್ಲಿದ ಎನ್ನದೆ ಪ್ರತಿ ಮಗುವಿಗೂ ಶಿಕ್ಷಣ ಕೊಡುವುದು ರಾಜ್ಯದ ಸಂವಿಧಾನಬದ್ಧ ಕರ್ತವ್ಯ. ಮೂರೇ ದಿನದಲ್ಲಿ ಶಿಕ್ಷಣ ಸುಧಾರಣಾ ಕಾಯ್ದೆ ಜಾರಿಗೆ ಬಂತು. ಚಾರ್ಟರ್ ಶಾಲೆಗಳಿಗೆ ದಾರಿ ತೆರೆದದ್ದು ಆ ಕಾಯ್ದೆ. ಮೊದಲ ಶಾಲೆಗಳು ಬಾಗಿಲು ತೆರೆದದ್ದು 1995ರಲ್ಲಿ.

ಆದರೆ ಅರ್ಜಿ ಹಾಕುವವರು ಮುಖ್ಯವಾಗಿ ಓದಬೇಕಾದದ್ದು 2010ರ ತಿದ್ದುಪಡಿಯನ್ನು. ಕಲಿಕೆಯ ಅಂತರ ತಗ್ಗಿಸುವ ಉದ್ದೇಶದ ಆ ಕಾನೂನು, ಹೊಸ ಶಾಲೆಗಳನ್ನು ಸೋಲುತ್ತಿರುವ ಊರುಗಳ ಕಡೆಗೆ ತಿರುಗಿಸಿತು. ಶಾಲೆಗಳಿಗೆಂದು ಒಂದು ಜಿಲ್ಲೆ ಮಾಡುವ ಖರ್ಚಿನಲ್ಲಿ ಚಾರ್ಟರ್ ಶಾಲೆಗಳಿಗೆ ಹೋಗಬಹುದಾದ ಪಾಲಿಗೆ ಒಂದು ಮಿತಿ ಇದೆ, ಸಾಮಾನ್ಯವಾಗಿ ಶೇಕಡಾ 9. ರಾಜ್ಯಮಟ್ಟದ ಪರೀಕ್ಷೆಯಲ್ಲಿ ತೀರಾ ಹಿಂದುಳಿದ ಶೇಕಡಾ 10ರಷ್ಟು ಜಿಲ್ಲೆಗಳಲ್ಲಿ ಈ ಮಿತಿಯನ್ನು ಹಂತಹಂತವಾಗಿ 18ಕ್ಕೆ ಏರಿಸಲಾಯಿತು. ಇಲ್ಲಿ ಜಿಲ್ಲೆ ಎಂದರೆ ನಮ್ಮ ಕಂದಾಯ ಜಿಲ್ಲೆಯಲ್ಲ, ಒಂದು ಊರಿನ ಅಥವಾ ಕೆಲವು ಊರುಗಳ ಶಾಲಾ ಆಡಳಿತ. ಪರಿಸ್ಥಿತಿ ಎಷ್ಟು ಕೆಡಬಹುದು ಎಂಬುದಕ್ಕೆ ಲಾರೆನ್ಸ್, ಹೋಲಿಯೋಕ್, ಸೌತ್‌ಬ್ರಿಡ್ಜ್ ಸಾಕ್ಷಿ. 2011, 2015, 2016ರಲ್ಲಿ ಕ್ರಮವಾಗಿ ಈ ಮೂರೂ ಊರುಗಳ ಶಾಲಾ ಆಡಳಿತವನ್ನು ರಾಜ್ಯವೇ ವಶಕ್ಕೆ ತೆಗೆದುಕೊಳ್ಳಬೇಕಾಯಿತು.

ಹೀಗೆ ಏರಿಸಿದ ಮಿತಿಯೊಳಗೆ ಬರುವ ಅರ್ಜಿಗೆ ಒಂದು ಬಿಗಿ ಷರತ್ತಿದೆ. ಮೊದಲ ಶೇಕಡಾ 9ರ ಪಾಲು ತುಂಬಿಹೋಗಿರುವ ಹಿಂದುಳಿದ ಜಿಲ್ಲೆಯಲ್ಲಿ, ಇಂಥ ಮಕ್ಕಳಿಗೆ ಕಲಿಸಿ ಗೆದ್ದ ದಾಖಲೆ ಇರುವವರಿಗೆ ಮಾತ್ರ ಚಾರ್ಟರ್ ಸಿಗುತ್ತದೆ. ಅಂಥ ಶಾಲೆಯಲ್ಲಿ ಮುಖ್ಯ ಹೊಣೆ ಹೊತ್ತು ದುಡಿದ ಕನಿಷ್ಠ ಇಬ್ಬರು ತಂಡದಲ್ಲಿರಬೇಕು. ಇಲ್ಲವೇ ಯಶಸ್ವಿಯಾಗಿ ನಡೆಯುತ್ತಿರುವ ಚಾರ್ಟರ್ ಶಾಲೆಯ ಟ್ರಸ್ಟಿಗಳು, ಅಥವಾ ಅಂಥ ಶಾಲೆಗಳನ್ನು ನಡೆಸುವ ಲಾಭರಹಿತ ಸಂಸ್ಥೆ ಅರ್ಜಿಯ ಹಿಂದೆ ಇರಬೇಕು. ಅಂದರೆ ಶಾಲೆ ಎಲ್ಲಿ ಹೆಚ್ಚು ಬೇಕೋ ಅಲ್ಲಿ ಬರೀ ಹತ್ತು ಪೋಷಕರ ಸಹಿ ಸಾಲದು. ಇದು ಅನ್ಯಾಯ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಮ್ಮೆ ಸೋತ ಶಾಲೆಯಿಂದ ಬಂದ ಮಗುವನ್ನು ಇನ್ನೊಂದು ಪ್ರಯೋಗಕ್ಕೆ ಒಡ್ಡಬಾರದು. ಪೋಷಕರ ಕೆಲಸ ಅಂಥ ಅನುಭವಸ್ಥರನ್ನು ಹುಡುಕಿ ಜೊತೆಗೆ ಕರೆತರುವುದು, ಅದಕ್ಕೆ ಒಂದು ವರ್ಷ ಹಿಡಿದರೂ ಸರಿ. ಒಂದು ವರ್ಷದಲ್ಲಿ ಕೊಡುವ ಹೊಸ ಚಾರ್ಟರ್‌ಗಳಲ್ಲಿ ಕನಿಷ್ಠ ಮೂರು, ಈ ಕೆಳಗಿನ ಶೇಕಡಾ 10ರ ಜಿಲ್ಲೆಗಳಲ್ಲಿರಬೇಕು ಎಂದೂ ಕಾನೂನು ಹೇಳುತ್ತದೆ. ಅರ್ಜಿದಾರರಿಗೆ ಇದು ಅನುಕೂಲ.

ಅರ್ಜಿ ಹೋಗುವುದು ರಾಜ್ಯದ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಇಲಾಖೆಗೆ. ಮೊದಲು ಒಂದು ಸಂಕ್ಷಿಪ್ತ ಪ್ರಸ್ತಾವ. ಅದು ದಾಟಿದವರಿಗೆ ಮಾತ್ರ ಪೂರ್ಣ ಅರ್ಜಿ ಸಲ್ಲಿಸುವ ಆಹ್ವಾನ. ಶಾಲೆಯ ಗುರಿ ಏನು, ಯಾವ ತರಗತಿಗಳು, ಪಾಠ ಹೇಗೆ, ಟ್ರಸ್ಟಿಗಳು ಯಾರು, ಲೆಕ್ಕಪತ್ರ ಮತ್ತು ಆಡಿಟ್ ಹೇಗೆ, ಕಟ್ಟಡ ಎಲ್ಲಿ, ಮಕ್ಕಳು ಬಂದುಹೋಗುವುದು ಹೇಗೆ, ಊರಿನವರ ಬೆಂಬಲ ಎಷ್ಟು, ಎಲ್ಲವನ್ನೂ ಬರೆಯಬೇಕು. ಪ್ರತಿ ವರ್ಷದ ಕೊನೆಯ ದಿನಾಂಕಗಳನ್ನು ಇಲಾಖೆ ಮೊದಲೇ ಪ್ರಕಟಿಸುತ್ತದೆ. ಶಿಕ್ಷಣ ಕಮಿಷನರ್ ಶಿಫಾರಸು ಮಾಡುತ್ತಾರೆ, ರಾಜ್ಯ ಶಿಕ್ಷಣ ಮಂಡಳಿ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಮತ ಹಾಕಿ ತೀರ್ಮಾನಿಸುತ್ತದೆ. ಈ ಸಲ ಆಗದಿದ್ದರೆ ಮುಂದಿನ ಸುತ್ತಿನಲ್ಲಿ ತಿದ್ದಿ ಮತ್ತೆ ಹಾಕಬಹುದು.

ಅರ್ಜಿಯ ಜೀವ ಇರುವುದು ಮಕ್ಕಳನ್ನು ಕರೆತರುವ ಮತ್ತು ಉಳಿಸಿಕೊಳ್ಳುವ ಯೋಜನೆಯಲ್ಲಿ. 2010ರ ಕಾನೂನು ಇದನ್ನು ಕಡ್ಡಾಯ ಮಾಡಿ, ಯಾವ ಮಕ್ಕಳು ಎಂಬುದನ್ನೂ ಒಂದೊಂದಾಗಿ ಹೆಸರಿಸಿದೆ: ಇಂಗ್ಲಿಷ್ ಇನ್ನೂ ಕಲಿಯುತ್ತಿರುವವರು, ವಿಶೇಷ ಶಿಕ್ಷಣದ ಅಗತ್ಯ ಇರುವವರು, ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಬಡ ಮಕ್ಕಳು, ಎಂಸಿಎಎಸ್ ಎಂಬ ರಾಜ್ಯದ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು, ಶಾಲೆ ಬಿಡುವ ಅಂಚಿನಲ್ಲಿರುವವರು, ಬಿಟ್ಟೇ ಹೋದವರು. ಇವರನ್ನು ತಲುಪುವುದು ಹೇಗೆ ಎಂಬುದಕ್ಕೂ ದಾರಿ ಇದೆ. ಶಾಲೆ ಕೇಳಿದರೆ, ಅರ್ಹ ಮಕ್ಕಳ ವಿಳಾಸಗಳನ್ನು ಜಿಲ್ಲೆಯು ಇಲಾಖೆ ಒಪ್ಪಿದ ಅಂಚೆ ಸೇವೆಯವರಿಗೆ ಒದಗಿಸಬೇಕು. ತಮ್ಮ ವಿಳಾಸ ಕೊಡಬೇಡಿ ಎಂದು ಹೇಳುವ ಹಕ್ಕು ಪೋಷಕರಿಗಿದೆ. ಕರಪತ್ರ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಏನು ಫಲ? ಲಾರೆನ್ಸ್‌ನಲ್ಲಿ ಸ್ಪ್ಯಾನಿಷ್ ಇಲ್ಲದೆ, ಬ್ರಾಕ್ಟನ್‌ನಲ್ಲಿ ಕೇಪ್‌ವರ್ಡಿಯನ್ ಕ್ರಿಯೋಲ್ ಇಲ್ಲದೆ ಮನೆಬಾಗಿಲು ತಟ್ಟಿದವರಿಗೆ ಉತ್ತರ ಸಿಗುವುದು ಕಷ್ಟ.

ಅರ್ಜಿದಾರರಲ್ಲದವರಿಗೂ ಒಂದು ಹಕ್ಕಿದೆ. ಚಾರ್ಟರ್ ಕೊಡುವ ಮೊದಲು ಆ ಊರಿನಲ್ಲಿ ಸಾರ್ವಜನಿಕ ವಿಚಾರಣೆ ನಡೆಯಲೇಬೇಕು. ಸಂಬಂಧಪಟ್ಟ ಸ್ಕೂಲ್ ಕಮಿಟಿಯ ಅಭಿಪ್ರಾಯವನ್ನೂ ರಾಜ್ಯ ಶಿಕ್ಷಣ ಮಂಡಳಿ ಕೇಳಬೇಕು. ಯಾರು ಬೇಕಾದರೂ ಬಂದು ಪರವಾಗಿಯೋ ವಿರೋಧವಾಗಿಯೋ ಮಾತನಾಡಬಹುದು, ಬರವಣಿಗೆಯಲ್ಲೂ ಸಲ್ಲಿಸಬಹುದು.

ವಿರೋಧಿಸುವವರ ಮಾತಿನಲ್ಲಿ ಹುರುಳಿಲ್ಲ ಎಂದುಕೊಳ್ಳಬೇಡಿ. ಮಗು ಚಾರ್ಟರ್ ಶಾಲೆಗೆ ಹೋದರೆ ಅದರ ಪಾಲಿನ ಹಣವೂ ಜಿಲ್ಲೆಯಿಂದ ಹೊರಡುತ್ತದೆ. ಆದರೆ ಹಳೆಯ ಶಾಲೆಯ ಕಟ್ಟಡ, ಬಸ್ಸು, ಮೇಷ್ಟರ ಸಂಬಳ ಅಷ್ಟೇ ಬೇಗ ಕಡಿಮೆಯಾಗುವುದಿಲ್ಲ. ಇದಕ್ಕೆಂದೇ ರಾಜ್ಯ ಪರಿಹಾರ ಕೊಡುತ್ತದೆ. 2019ರ ಕಾಯ್ದೆಯಂತೆ ಹೆಚ್ಚಾದ ಹೊರೆಯ ಶೇಕಡಾ 100, ನಂತರ 60, ನಂತರ 40, ಹೀಗೆ ಮೂರು ವರ್ಷ. 2016ರಲ್ಲಿ ವರ್ಷಕ್ಕೆ 12ರವರೆಗೆ ಹೊಸ ಅಥವಾ ವಿಸ್ತರಿಸಿದ ಚಾರ್ಟರ್ ಶಾಲೆಗಳಿಗೆ ಅವಕಾಶ ಕೊಡುವ ಪ್ರಸ್ತಾವ ಜನಮತಕ್ಕೆ ಬಂದಾಗ ಶೇಕಡಾ 62ರಷ್ಟು ಮತದಾರರು ಬೇಡ ಎಂದರು. ಕಪ್ಪುವರ್ಣೀಯರ ಹಕ್ಕುಗಳಿಗಾಗಿ ದುಡಿಯುವ ಎನ್‌ಎಎಸಿಪಿ ಸಂಸ್ಥೆಯೂ ಅದೇ ವರ್ಷ, ಚಾರ್ಟರ್ ಶಾಲೆಗಳ ವಿಸ್ತರಣೆಯನ್ನು ಸದ್ಯಕ್ಕೆ ತಡೆಯಿರಿ ಎಂದು ಕೇಳಿತು.

ಇನ್ನೊಂದು ಕಡೆಯ ಸಾಕ್ಷ್ಯವೂ ಗಟ್ಟಿಯಾಗಿದೆ. ಸೀಟಿಗಿಂತ ಅರ್ಜಿಗಳು ಹೆಚ್ಚಾದರೆ ಲಾಟರಿ ಎತ್ತಲೇಬೇಕು. ಲಾಟರಿಯಲ್ಲಿ ಗೆದ್ದ ಮಕ್ಕಳನ್ನೂ ಸೋತ ಮಕ್ಕಳನ್ನೂ ಹೋಲಿಸಿ ಎಂಐಟಿಯ ಜೋಶುವಾ ಆಂಗ್ರಿಸ್ಟ್ (2021ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕೃತರಲ್ಲೊಬ್ಬರು), ಪರಾಗ್ ಪಾಠಕ್ ಮತ್ತು ಜೊತೆಗಾರರು ಅಧ್ಯಯನ ಮಾಡಿದರು. ಬಾಸ್ಟನ್‌ನಂಥ ನಗರದ ಚಾರ್ಟರ್ ಶಾಲೆಗಳಲ್ಲಿ ಮಕ್ಕಳ ಅಂಕ, ಅದರಲ್ಲೂ ಗಣಿತದಲ್ಲಿ, ಚೆನ್ನಾಗಿ ಏರಿತ್ತು. ನಗರದಾಚೆಯ ಚಾರ್ಟರ್ ಶಾಲೆಗಳಲ್ಲಿ ಆ ಲಾಭ ಕಾಣಲಿಲ್ಲ. ಚಾರ್ಟರ್ ಎಂಬ ಹೆಸರೊಂದೇ ಯಾರನ್ನೂ ಉದ್ಧಾರ ಮಾಡುವುದಿಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಮಕ್ಕಳಿಗೆ, ಶ್ರಮಪಟ್ಟು ನಡೆಸಿದ ಶಾಲೆಯಿಂದ ಅದು ಸಾಧ್ಯ.

ಪ್ರವೇಶದ ವಿಷಯಕ್ಕೆ ಬರೋಣ. ಹಿಂದಿನ ಅಂಕ, ಅಂಗವೈಕಲ್ಯ, ಇಂಗ್ಲಿಷ್ ಜ್ಞಾನ, ಜನಾಂಗ, ಧರ್ಮ, ಲಿಂಗ ಯಾವುದನ್ನೂ ನೋಡಿ ಮಗುವನ್ನು ತಳ್ಳುವಂತಿಲ್ಲ. ಮಾಹಿತಿ ಸಭೆಗೆ ಬಂದರೇ ಸೀಟು, ಸಂದರ್ಶನ ಮುಗಿಸಿದರೇ ಸೀಟು ಎನ್ನುವಂತೆಯೂ ಇಲ್ಲ. ಲಾಟರಿಯಲ್ಲಿ ಆ ಊರಿನ ಮಕ್ಕಳಿಗೆ ಮತ್ತು ಈಗಾಗಲೇ ಓದುತ್ತಿರುವವರ ಅಣ್ಣತಮ್ಮ ಅಕ್ಕತಂಗಿಯರಿಗೆ ಆದ್ಯತೆ. ಚೀಟಿ ಸಾರ್ವಜನಿಕವಾಗಿ ಎತ್ತಬೇಕು, ಉಳಿದವರು ಕಾಯುವ ಪಟ್ಟಿಗೆ ಸೇರುತ್ತಾರೆ. ವೀಸಾದ ಬಗ್ಗೆ ಅಳುಕುವವರಿಗೆ ಒಂದು ಮಾತು: 1982ರ ಪ್ಲೈಲರ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ವಲಸೆಯ ದಾಖಲೆ ಇಲ್ಲವೆಂದು ಮಗುವಿಗೆ ಸಾರ್ವಜನಿಕ ಶಾಲೆಯ ಬಾಗಿಲು ಮುಚ್ಚುವಂತಿಲ್ಲ ಎಂದಿದೆ. ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿರುವ ಮಗು ಹಿಂಜರಿಯಬೇಕಿಲ್ಲ. ಹತ್ತು ಪೋಷಕರು ಎನ್ನುವ ಕಾನೂನಿನ ಸಾಲಿನಲ್ಲೂ ಪೌರತ್ವದ ಮಾತಿಲ್ಲ. ಆದರೆ ವೀಸಾದಲ್ಲಿರುವವರು ಆ ಶಾಲೆಯಲ್ಲಿ ಸಂಬಳದ ಕೆಲಸ ಒಪ್ಪುವ ಮೊದಲು ವಲಸೆ ವಕೀಲರನ್ನು ಕಾಣುವುದು ಕ್ಷೇಮ.

ಸೀಟು ಸಿಗದಿದ್ದರೆ ಕೋರ್ಟಿಗೆ ಹೋಗಬಹುದೇ? ಬಾಸ್ಟನ್‌ನ ಐವರು ವಿದ್ಯಾರ್ಥಿಗಳು ಹೋಗಿದ್ದರು. ತಮ್ಮ ಶಾಲೆ ಸರಿಯಿಲ್ಲ, ಚಾರ್ಟರ್ ಶಾಲೆಗಳ ಮೇಲಿನ ಮಿತಿಯಿಂದ ತಮಗೆ ಸೀಟು ತಪ್ಪಿದೆ ಎಂಬುದು ಅವರ ವಾದ. 2018ರ ಏಪ್ರಿಲ್‌ನಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಶಿಕ್ಷಣ ಕೊಡುವುದು ರಾಜ್ಯದ ಕರ್ತವ್ಯ ನಿಜ, ಆದರೆ ಇಂಥದೇ ಬಗೆಯ ಶಾಲೆ ಬೇಕು ಎಂದು ಕೇಳುವ ಸಂವಿಧಾನಬದ್ಧ ಹಕ್ಕು ಇಲ್ಲ ಎಂಬುದು ತೀರ್ಪಿನ ತಿರುಳು.

ಒಳಗೆ ಸೇರಿದ ಮೇಲೆ ಹಕ್ಕುಗಳು ಗಟ್ಟಿ. ವಿಶೇಷ ಶಿಕ್ಷಣ ಬೇಕಾದ ಮಗುವಿಗೆ ಫೆಡರಲ್ ಕಾನೂನಿನಂತೆ ಎಲ್ಲ ಸೌಲಭ್ಯವನ್ನೂ ಚಾರ್ಟರ್ ಶಾಲೆ ಕೊಡಬೇಕು. ‘ನಿಮ್ಮ ಮಗುವಿಗೆ ನಮ್ಮಲ್ಲಿ ಸರಿಹೋಗುವುದಿಲ್ಲ’ ಎಂದು ನಯವಾಗಿ ಸಾಗಹಾಕುವುದು ತಪ್ಪು. ಬಹುಪಾಲು ಪ್ರಕರಣಗಳಲ್ಲಿ ಮಗುವನ್ನು ಅಮಾನತು ಮಾಡುವ ಮೊದಲು ಪೋಷಕರಿಗೆ ನೋಟಿಸು ಕೊಟ್ಟು ಅಹವಾಲು ಕೇಳಬೇಕು, ಅಮಾನತಿನ ದಿನಗಳಲ್ಲೂ ಕಲಿಕೆ ನಿಲ್ಲಬಾರದು. ಶಾಲೆ ನಿಯಮ ಮೀರಿದೆ ಎನಿಸಿದರೆ ಮೊದಲು ಟ್ರಸ್ಟಿಗಳ ಮಂಡಳಿಗೆ ಬರವಣಿಗೆಯಲ್ಲಿ ದೂರು ಕೊಡಿ. ನಿಗದಿತ ಅವಧಿಯೊಳಗೆ ಅವರು ಬರವಣಿಗೆಯಲ್ಲೇ ಉತ್ತರಿಸಬೇಕು. ಸಮಾಧಾನವಾಗದಿದ್ದರೆ ಶಿಕ್ಷಣ ಕಮಿಷನರ್‌ಗೆ ಹೋಗಬಹುದು. ಮಂಡಳಿಯ ಸಭೆಗಳು ತೆರೆದ ಸಭೆಗಳು, ದಾಖಲೆಗಳು ಸಾರ್ವಜನಿಕ, ಟ್ರಸ್ಟಿಗಳು ತಮ್ಮ ಹಣಕಾಸಿನ ಹಿತಾಸಕ್ತಿಯನ್ನು ಪ್ರತಿ ವರ್ಷ ಘೋಷಿಸಬೇಕು.

ಧರ್ಮಬೋಧನೆ ಮಾಡುವಂತಿಲ್ಲ ಎಂದು ಮೇಲೆ ಹೇಳಿದೆ. ಧಾರ್ಮಿಕ ಸಂಸ್ಥೆಗಳು ಚಾರ್ಟರ್ ಪಡೆಯಬಹುದೇ ಎಂಬ ಪ್ರಶ್ನೆ ಓಕ್ಲಹೋಮದಿಂದ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿಗಳು ನಾಲ್ಕು–ನಾಲ್ಕಾಗಿ ಒಡೆದದ್ದರಿಂದ, ಆಗದು ಎಂಬ ರಾಜ್ಯ ನ್ಯಾಯಾಲಯದ ತೀರ್ಪು ಹಾಗೇ ಉಳಿಯಿತು. ದೇಶಕ್ಕೆಲ್ಲ ಅನ್ವಯಿಸುವ ತೀರ್ಪು ಇನ್ನೂ ಬಂದಿಲ್ಲ.

ಅರ್ಜಿಗೆ ಸಹಿ ಹಾಕುವ ಮೊದಲು ಆ ಊರಿನ ಸೋಲುತ್ತಿರುವ ಶಾಲೆಗೆ ಹೋಗಿ ಅಲ್ಲಿನ ತಂದೆತಾಯಂದಿರನ್ನು ಕಂಡು ಮಾತನಾಡಿ, ಅವರಲ್ಲಿ ಕೆಲವರನ್ನಾದರೂ ಸ್ಥಾಪಕ ತಂಡಕ್ಕೆ ಸೇರಿಸಿಕೊಳ್ಳಿ. ಅವರಿಲ್ಲದೆ ಬರೆದ ಅರ್ಜಿಯನ್ನು ಸಲ್ಲಿಸಬೇಡಿ.