ಮನೆಯ ವಿದ್ಯುತ್ತು: ರೈತರ ಕೈಯಲ್ಲಿರುವ ಆಯ್ಕೆ ಯಾವುದು?

ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ಬಂದ ಬೆಲೆ ಸರಿಬೀಳದಿದ್ದರೆ ಗೂಡು ಕೊಡುವುದಿಲ್ಲವೆಂದು ರೈತರು ಹೇಳಬಹುದು. ಆದರೆ ಆ ಗೂಡು ಬೆಳೆದ ಮನೆಗೆ ಬರುವ ವಿದ್ಯುತ್ತಿನ ವಿಷಯದಲ್ಲಿ ಅಂತಹ ಅವಕಾಶವಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಮನೆಗಳಿಗೆ ವಿದ್ಯುತ್ತನ್ನು ಒದಗಿಸುವುದು ಬೆಸ್ಕಾಂ ಒಂದೇ. ಹಾಗಾದರೆ ರೈತ ಕುಟುಂಬದ ಕೈಯಲ್ಲಿ ಏನೂ ಇಲ್ಲವೇ? ಇದೆ. ಮಾರುವವರನ್ನು ಆರಿಸಲು ಸಾಧ್ಯವಿಲ್ಲದಿದ್ದರೂ ಯೂನಿಟ್ಟಿನ ಲೆಕ್ಕ ಮತ್ತು ಸಹಿ ಹಾಕುವ ಕರಾರು ಇವೆರಡೂ ನಮ್ಮ ಕೈಯಲ್ಲಿವೆ. ಲೆಕ್ಕ ತಪ್ಪಿದರೆ ಒಂದೇ ತಿಂಗಳಲ್ಲಿ ಸಾವಿರಕ್ಕೂ ಮೀರಿ ಹಣ ಕೈಬಿಡಬಹುದು.

ಈಗಿನ ವ್ಯವಸ್ಥೆ

1957ರಲ್ಲಿ ಸ್ಥಾಪನೆಯಾದ ವಿದ್ಯುಚ್ಛಕ್ತಿ ಮಂಡಳಿಯು 1999ರ ಸುಧಾರಣಾ ಕಾಯಿದೆಯ ನಂತರ ವಿಭಜನೆಗೊಂಡಿತು. 2002ರಲ್ಲಿ ಬೆಸ್ಕಾಂ ಮೊದಲಾದ ವಿತರಣಾ ಕಂಪನಿಗಳು ಬಂದವು. ದರವನ್ನು ಕಂಪನಿ ತಾನೇ ನಿಗದಿ ಮಾಡುವಂತಿಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಸಾರ್ವಜನಿಕ ವಿಚಾರಣೆ ನಡೆಸಿ ದರ ಗೊತ್ತುಮಾಡುತ್ತದೆ. ಈ ವಿಚಾರಣೆಯಲ್ಲಿ ರೈತರೂ ಆಕ್ಷೇಪಣೆ ಸಲ್ಲಿಸಬಹುದು.

2003ರ ವಿದ್ಯುಚ್ಛಕ್ತಿ ಕಾಯಿದೆಯು ದೊಡ್ಡ ಬಳಕೆದಾರರಿಗೆ ಬೇರೆ ಉತ್ಪಾದಕರಿಂದ ವಿದ್ಯುತ್ತು ಕೊಳ್ಳಲು ದಾರಿ ಮಾಡಿಕೊಟ್ಟಿತು. 2022ರ ನಿಯಮಗಳು ಹಸಿರು ವಿದ್ಯುತ್ತಿಗೆ ಈ ಮಿತಿಯನ್ನು 100 ಕಿಲೋವ್ಯಾಟ್‌ಗೆ ಇಳಿಸಿದವು. ಎರಡು ಮೂರು ಕಿಲೋವ್ಯಾಟಿನ ಮನೆಗೆ ಇದು ಎಟುಕುವುದಿಲ್ಲ.

ಬೇರೆಡೆಯ ಅನುಭವ

ಮುಂಬಯಿಯ ಹಲವು ಭಾಗಗಳಲ್ಲಿ 2009ರಿಂದ ಮನೆಯವರು ಎರಡು ಕಂಪನಿಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಸಾಧ್ಯವಾಯಿತು. ಒಂದೇ ಪ್ರದೇಶದಲ್ಲಿ ಹಲವು ವಿತರಕರಿಗೆ ಅವಕಾಶ ನೀಡುವ ತಿದ್ದುಪಡಿ ಮಸೂದೆಯು 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದು ಸ್ಥಾಯಿ ಸಮಿತಿಗೆ ಹೋಯಿತು. ಮುಂದೊಂದು ದಿನ ನಮ್ಮ ಹಳ್ಳಿಗೂ ಈ ಪ್ರಶ್ನೆ ಬರಬಹುದು.

ಆಯ್ಕೆ ಇದ್ದ ಮಾತ್ರಕ್ಕೆ ಲಾಭವಾಗುವುದಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 2002ರಿಂದ ಮನೆಗಳಿಗೆ ಈ ಸ್ವಾತಂತ್ರ್ಯವಿದೆ. ಅಲ್ಲಿ ಕೆಲವರು ಸಗಟು ಬೆಲೆಗೆ ತಕ್ಕಂತೆ ಏರಿಳಿಯುವ ದರಕ್ಕೆ ಒಪ್ಪಿದ್ದರು. ಸಾಮಾನ್ಯ ದಿನಗಳಲ್ಲಿ ಅದು ಅಗ್ಗವಾಗಿ ಕಂಡಿತು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಸಗಟು ಬೆಲೆ ಯೂನಿಟ್ಟಿಗೆ 9 ಡಾಲರಿಗೆ ಏರಿ ಅಂತಹ ಮನೆಗಳಿಗೆ ಸಾವಿರಾರು ಡಾಲರುಗಳ ಬಿಲ್ಲು ಬಂದಿತು. ಬ್ರಿಟನ್ನಿನಲ್ಲಿ 2021 ಮತ್ತು 2022ರಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಕಂಪನಿಗಳು ಮುಚ್ಚಿಹೋದವು. ಕಡಿಮೆ ಬೆಲೆ ಹೇಳಿದವರೆಲ್ಲ ಕೊನೆಯವರೆಗೆ ನಿಲ್ಲುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಗೃಹಜ್ಯೋತಿಯ ಲೆಕ್ಕ

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟು ಎಲ್ಲರಿಗೂ ಉಚಿತವೆಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಮಾತ್ರ ಆ ಮನೆಯ ಉಚಿತ ಪಾಲು. ಸರಾಸರಿ 48 ಯೂನಿಟ್ಟಿನವರೆಗೆ ಇದ್ದವರಿಗೆ ಶೇ. 10ರ ಬದಲು 10 ಯೂನಿಟ್ಟು ಕೊಡಲು 2024ರ ಜನವರಿಯಲ್ಲಿ ತೀರ್ಮಾನವಾಯಿತು. ಪಾಲು ಮೀರಿದರೆ ಹೆಚ್ಚುವರಿಗೆ ಹಣ ಕೊಡಬೇಕು. 200 ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು.

ಉದಾಹರಣೆಗೆ, ಸರಾಸರಿ 80 ಯೂನಿಟ್ಟಿನ ಮನೆಗೆ ಉಚಿತ ಪಾಲು 88. ಚಳಿಗಾಲದಲ್ಲಿ ಆ ಮನೆಯವರು ಒಂದು ಕೋಣೆಯಲ್ಲಿ 1,000 ವ್ಯಾಟಿನ ಹೀಟರನ್ನು ದಿನಕ್ಕೆ 10 ಗಂಟೆ ಉರಿಸಿದರು ಎನ್ನಿ. ದಿನಕ್ಕೆ 10 ಯೂನಿಟ್ಟು, ಹತ್ತು ದಿನಕ್ಕೆ 100. ತಿಂಗಳ ಒಟ್ಟು 180 ಆಗುತ್ತದೆ. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ 5 ರೂ. 80 ಪೈಸೆ ದರದಲ್ಲಿ ಹೆಚ್ಚುವರಿ 92 ಯೂನಿಟ್ಟಿಗೆ 533 ರೂ. 60 ಪೈಸೆ. ಅದೇ ಹೀಟರು ದಿನಕ್ಕೆ 15 ಗಂಟೆ ಉರಿದರೆ ಒಟ್ಟು 230 ಯೂನಿಟ್ಟಾಗಿ, ಅಷ್ಟಕ್ಕೂ 1,334 ರೂ. ಆಗುತ್ತದೆ. ಇತರ ಶುಲ್ಕಗಳು ಬೇರೆ.

ರೇಷ್ಮೆ ಬೆಳೆಗಾರರಿಗೆ ಈ ಲೆಕ್ಕ ಬಹಳ ಮುಖ್ಯ. ಚಾಕಿ ಹುಳುವಿಗೆ 27ರಿಂದ 28, ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆದರೆ ಮನೆಯ ಮೀಟರಿನಿಂದ ಹುಳು ಸಾಕುವ ಮನೆಗೆ ತಂತಿ ಎಳೆಯಬೇಡಿ. ಮಂಜೂರಾದ ಉದ್ದೇಶ ಬಿಟ್ಟು ಬೇರೆಯದಕ್ಕೆ ಬಳಸಿದರೆ 2003ರ ಕಾಯಿದೆಯ 126ನೇ ಪ್ರಕರಣದ ಪ್ರಕಾರ ಎರಡು ಪಟ್ಟು ದರ ವಿಧಿಸಲು ಅವಕಾಶವಿದೆ. ಹುಳು ಮನೆಗೆ ಬೇರೆ ಮೀಟರು ಹಾಕಿಸಿ. ಅದು ಯಾವ ದರದ ವರ್ಗಕ್ಕೆ ಸೇರುತ್ತದೆಂದು ಉಪವಿಭಾಗದ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ತಿಳಿಯಿರಿ.

ಸೌರಫಲಕ ಹಾಕಿಸುವ ಮುನ್ನ

ಈಗ ರೈತರು ನಿಜವಾಗಿ ಆರಿಸಿಕೊಳ್ಳಬಹುದಾದ ಒಂದು ವಿಷಯವೆಂದರೆ ಛಾವಣಿಯ ಸೌರವಿದ್ಯುತ್ತು ಮತ್ತು ಅದನ್ನು ಹಾಕುವ ಕಂಪನಿ. 2024ರ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂ. ಸಹಾಯಧನವಿದೆ. ಒಂದು ಕಿಲೋವ್ಯಾಟಿನ ಫಲಕಕ್ಕೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು 4 ಯೂನಿಟ್ಟು ಬರುತ್ತದೆ.

ಪ್ರತಿ ತಿಂಗಳೂ 250 ಯೂನಿಟ್ಟಿಗೆ ಹಣ ಕಟ್ಟುವ ಮನೆಗೆ 2 ಕಿಲೋವ್ಯಾಟಿನ ಫಲಕ ಯೋಚಿಸತಕ್ಕ ವಿಷಯ. ಶೂನ್ಯ ಬಿಲ್ಲು ಬರುವ ಮನೆಯವರು ಸಾಲ ಮಾಡಿ ಫಲಕ ಹಾಕಿಸಿದರೆ ಉಳಿಸಲು ಬಿಲ್ಲೇ ಇಲ್ಲದಿರುವುದರಿಂದ ಸಾಲದ ಕಂತು ಮಾತ್ರ ಉಳಿಯುತ್ತದೆ. ಮತ್ತೊಂದು ಸಂಗತಿಯನ್ನು ಗಮನದಲ್ಲಿಡಿ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಫಲಕವು ಲೈನು ಹೋದಾಗ, ಬಿಸಿಲಿದ್ದರೂ, ತಾನಾಗಿ ನಿಂತುಹೋಗುತ್ತದೆ. ಲೈನಿನ ಮೇಲೆ ಕೆಲಸ ಮಾಡುವವರ ಜೀವರಕ್ಷಣೆಗಾಗಿ ಈ ಏರ್ಪಾಡು.

ಸಹಿ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಕಂಪನಿಯು ಯೋಜನೆಯಲ್ಲಿ ನೋಂದಾಯಿತವಾಗಿದೆಯೇ? ಫಲಕಗಳು ಸಹಾಯಧನಕ್ಕೆ ಅಗತ್ಯವಾದ ದೇಶೀಯ ತಯಾರಿಕೆಯವೇ?

2. ಸಹಾಯಧನ ಕಳೆದು ನಾವು ಕೊಡಬೇಕಾದ ಒಟ್ಟು ಮೊತ್ತವೆಷ್ಟು? ಸಾಲದ ಬಡ್ಡಿ ಸೇರಿದರೆ ಎಷ್ಟು?

3. ಐದು ವರ್ಷದ ನಿರ್ವಹಣೆಯನ್ನು ಕಾಗದದಲ್ಲಿ ಬರೆದುಕೊಡುವಿರಾ? ಕೆಟ್ಟಾಗ ಯಾರು ಬರುತ್ತಾರೆ?

4. ಹೆಚ್ಚಾಗಿ ಲೈನಿಗೆ ಹೋದ ಯೂನಿಟ್ಟಿಗೆ ಸಿಗುವ ದರ ಎಷ್ಟು? ಅದು ಕರಾರಿನಲ್ಲಿದೆಯೇ?

5. ದರ ಸ್ಥಿರವೇ, ಏರಿಳಿಯುವುದೇ? ನಡುವೆ ಬಿಡಬೇಕಾದರೆ ದಂಡವೆಷ್ಟು?

ಕೊನೆಯ ಪ್ರಶ್ನೆ ಮುಂದೆ ಹಲವು ವಿತರಕರು ಬಾಗಿಲಿಗೆ ಬಂದಾಗಲೂ ಉಪಯೋಗಕ್ಕೆ ಬರುತ್ತದೆ.

ಈ ತಿಂಗಳಿನಿಂದಲೇ ಮಾಡಬೇಕಾದದ್ದು

ಹಳೆಯ ಹನ್ನೆರಡು ಬಿಲ್ಲುಗಳನ್ನು ತೆಗೆದು ತಿಂಗಳವಾರು ಯೂನಿಟ್ಟನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ನಿಮ್ಮ ಉಚಿತ ಪಾಲನ್ನು ಮೊದಲ ಪುಟದಲ್ಲಿ ಗುರುತು ಹಾಕಿ. ಪ್ರತಿ ಭಾನುವಾರ ಮೀಟರು ಓದಿ. ಹುಳು ಚಂದ್ರಂಕಿಗೆ ಏರುವ ವಾರದಲ್ಲಿ ದಿನವೂ ಓದಿ. ಹಣ ಕಟ್ಟುವ ಮನೆಯವರು ಮಂಜೂರಾದ ಲೋಡನ್ನೂ ನೋಡಬೇಕು. ನಿಗದಿತ ಶುಲ್ಕ ಕಿಲೋವ್ಯಾಟಿನ ಲೆಕ್ಕದಲ್ಲಿರುವುದರಿಂದ, ಬಳಸದ ಲೋಡಿಗೂ ಪ್ರತಿ ತಿಂಗಳು ಹಣ ಹೋಗುತ್ತಿರುತ್ತದೆ. ಬಿಲ್ಲಿನಲ್ಲಿ ತಪ್ಪು ಕಂಡರೆ 1912ಕ್ಕೆ ಕರೆಮಾಡಿ ದೂರಿನ ಸಂಖ್ಯೆ ಬರೆದಿಡಿ. ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ.

ಗೂಡನ್ನು ತೂಕ ಮಾಡದೆ ಯಾರೂ ಮಾರುವುದಿಲ್ಲ. ವಿದ್ಯುತ್ತನ್ನೂ ಅಳೆಯದೆ ಬಳಸಬಾರದು. ಈ ಲೆಕ್ಕವನ್ನು ಇಂದು ರೂಢಿಸಿಕೊಂಡ ಕುಟುಂಬವು ನಾಳೆ ಯಾವ ಮಾರಾಟಗಾರ ಬಂದರೂ ಮೋಸಹೋಗುವ ಸಂಭವ ಕಡಿಮೆ.