ನಿಂತುಹೋದ ಬೂಟಿನ ಅಳತೆ

ಚಿಂಚೋಳಿಯಲ್ಲಿ ಓಡುವವನಿಗೆ ಒಂದೇ ನೆಲ ಸಿಗುವುದಿಲ್ಲ. ಊರು ದಾಟುವತನಕ ಡಾಂಬರು, ಹೊಲದ ದಾರಿ ಹಿಡಿದರೆ ತೊಗರಿ ಬೆಳೆಯುವ ಎರಿ ಭೂಮಿ, ಕುಂಚಾವರಂ ಕಡೆಗೆ ತಿರುಗಿದರೆ ಕೆಂಪು ಮೊರಂ, ಕಾಲಡಿ ಉರುಳುವ ಜಂಬಿಟ್ಟಿಗೆಯ ಹರಳು. ಆ ದಿಕ್ಕಿನ 134.88 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಧಾಮವಾಯಿತು. ಹಾಗಾಗಿ ನಾನು ಒಳದಾರಿಗೆ ಕಾಲಿಡದೆ ಚಂದ್ರಂಪಳ್ಳಿ ಜಲಾಶಯದ ಕಡೆಗೆ ಹೋಗುವ ರಸ್ತೆಯ ಅಂಚಿನಲ್ಲೇ ಓಡುತ್ತೇನೆ. ಈ ಮೂರೂ ನೆಲಕ್ಕೆ ಒಗ್ಗಿದ ಒಂದು ಬೂಟು ನನ್ನಲ್ಲಿತ್ತು. ಬೆರಳಿನ ಹತ್ತಿರ ಅಗಲ, ಹಿಮ್ಮಡದಲ್ಲಿ ಬಿಗಿ, ಸೋಲ್ ಮೆತ್ತಗಿದ್ದರೂ ಹರಳು ಚುಚ್ಚದಷ್ಟು ಗಟ್ಟಿ. ಸವೆದಾಗ ಅದೇ ಮಾದರಿ, ಅದೇ ನಂಬರು ತರಿಸುತ್ತಿದ್ದೆ. ತಲೆ ಕೆಡಿಸಿಕೊಳ್ಳುವ ಮಾತೇ ಇರಲಿಲ್ಲ. ಒಂದು ಮಳೆಗಾಲದ ಕೊನೆಗೆ ತರಿಸಲು ಹೋದರೆ ಮಾದರಿಯೇ ನಿಂತಿತ್ತು. ಕಂಪನಿಯ ಹೆಸರು ಬರೆಯುವುದಿಲ್ಲ. ಮಾಡುವುದು, ಬಿಡುವುದು ಅವರ ವ್ಯಾಪಾರ.

ನಾನು ಹೈಸ್ಕೂಲಿನ ಪಿ.ಟಿ. ಮಾಸ್ತರ. ಬೆಳಗ್ಗೆ ನನ್ನ ಜೊತೆ ಓಡಲು ಬರುವ ಹುಡುಗರಲ್ಲಿ ಹೆಚ್ಚಿನವರು ಪೊಲೀಸ್ ಕಾನ್‌ಸ್ಟೆಬಲ್ ಭರ್ತಿಗೆ ತಯಾರಾಗುವವರು. 1600 ಮೀಟರ್, ಆರೂವರೆ ನಿಮಿಷ. ಅವರ ಬದುಕು ಸದ್ಯಕ್ಕೆ ಅಷ್ಟರೊಳಗಿದೆ. ‘ಸರ, ಯಾವ ಬೂಟ ತಗೋಬೇಕ್ರಿ?’ ಎಂದು ಅವರು ಕೇಳಿದಾಗಲೆಲ್ಲ ನನ್ನ ಬೂಟಿನ ಹೆಸರು ಹೇಳಿ ಕೈತೊಳೆದುಕೊಳ್ಳುತ್ತಿದ್ದೆ. ಈಗ ನನಗೇ ಆ ಪ್ರಶ್ನೆ ಬಂತು.

ಓಟದ ಬೂಟು ಇಂದಲ್ಲ ನಾಳೆ ನಿಲ್ಲುವ ವಸ್ತುವೇ. ಕಂಪನಿಗಳು ವರ್ಷಕ್ಕೋ ಎರಡು ವರ್ಷಕ್ಕೋ ಮಾದರಿ ಬದಲಿಸುತ್ತವೆ. ನೈಕಿಯ ಪೆಗಾಸಸ್ 1983ರಲ್ಲಿ ಬಂದದ್ದು. ಹೆಸರು ಇಂದಿಗೂ ಉಳಿದಿದೆ, ಬೆನ್ನಿಗೆ ಅಂಟಿದ ನಂಬರು 2024ರಲ್ಲಿ 41ಕ್ಕೆ ಬಂತು, ಆದರೆ ಮೊದಲಿನ ಬೂಟಿಗೂ ಈಗಿನದಕ್ಕೂ ಹೆಸರು ಬಿಟ್ಟರೆ ನಂಟು ಕಡಿಮೆ. ಇದರ ತಿರುವುಮುರುವೂ ಉಂಟು. ಡೆಕಾತ್ಲಾನ್ 2024ರಲ್ಲಿ ತನ್ನ ಬ್ರ್ಯಾಂಡುಗಳ ಸಂಖ್ಯೆ ಇಳಿಸಿದಾಗ ಕಲೆಂಜಿ ಎಂಬ ಹೆಸರು ಹೋಗಿ ಓಟಕ್ಕೆ ಕಿಪ್ರನ್ ಒಂದೇ ಉಳಿಯಿತು. ಅದೇ ವರ್ಷ ಆಗಸ್ಟ್ 1ರಿಂದ ಪಾದರಕ್ಷೆಗಳ ಗುಣಮಟ್ಟದ ಆದೇಶ ಜಾರಿಗೆ ಬಂದು, ಹೊರದೇಶದ ಕಾರ್ಖಾನೆಗಳೂ ಬಿಐಎಸ್ ಪರವಾನಗಿ ಪಡೆಯಬೇಕಾಯಿತು. ಹೊರಗೆ ಸಿಗುವ ಬೂಟು ನಮ್ಮಲ್ಲಿ ಸಿಗದೆ ಹೋಗಲು ಇಂಥ ಕಾರಣವೂ ಇರಬಹುದು. ‘ನನ್ನ ಬೂಟು ನಿಂತಿತು’ ಎಂದು ಗೋಳಾಡುವ ಮೊದಲು ನಿಂತದ್ದು ಹೆಸರೋ, ಆಮದೋ, ಬೂಟೋ ಎಂದು ನೋಡಬೇಕು. ನನ್ನದು ನಿಜವಾಗಿಯೇ ನಿಂತಿತ್ತು.

ಹಳೇ ಸ್ಟಾಕಿನ ಆಸೆ ಮೊದಲು ಹುಟ್ಟುತ್ತದೆ. ಕಲಬುರಗಿಯ ಒಂದು ಅಂಗಡಿಯಲ್ಲಿ ನನ್ನ ನಂಬರಿನದೇ ಒಂದು ಜೋಡಿ ಧೂಳು ಹಿಡಿದ ಪೆಟ್ಟಿಗೆಯಲ್ಲಿ ಸಿಕ್ಕಿತು. ಅಂಗಡಿಯವರು ಅರ್ಧ ಬೆಲೆಗೆ ಇಳಿದರು. ‘ಹೊಸಾದ ಅದ ಸರ, ಯಾರೂ ಹಾಕಿಲ್ಲ.’ ನಿಜ, ಯಾರೂ ಹಾಕಿರಲಿಲ್ಲ. ಆದರೆ ಪಕ್ಕದಿಂದ ಹೆಬ್ಬೆರಳು ಒತ್ತಿದರೆ ಸೋಲ್ ಒಳಗೆ ತಗ್ಗಲಿಲ್ಲ, ಮುಂದಿನ ತುದಿಯಲ್ಲಿ ಅಂಟು ಹಳದಿಗಟ್ಟಿ ಬಿರಿದಿತ್ತು. ಓಟದ ಬೂಟಿನ ನಡುವಿನ ಮೆತ್ತೆ ಸಾಮಾನ್ಯವಾಗಿ ಇವಿಎ ಎಂಬ ಫೋಮು. ಅದರೊಳಗೆ ಸಣ್ಣ ಗಾಳಿಗುಳ್ಳೆಗಳಿರುತ್ತವೆ. ವಯಸ್ಸಾದಂತೆ ಅದು ಗಡುಸಾಗುತ್ತದೆ. ಪಾಲಿಯುರೆಥೇನ್ ಸೋಲಿನದು ಇನ್ನೂ ಕಷ್ಟ: ಗಾಳಿಯ ತೇವ ಹೀರಿ ಒಳಗಿಂದಲೇ ಒಡೆಯುತ್ತದೆ, ಹಾಕದೆ ಇಟ್ಟ ಬೂಟು ಒಂದು ದಿನ ಹಾಕಿದಾಗ ಪುಡಿಪುಡಿ ಉದುರುವುದು ಇದರಿಂದ. ನಮ್ಮ ಕಡೆ ಮೇ ತಿಂಗಳಲ್ಲಿ ತಗಡಿನ ಮಾಳಿಗೆಯ ಗೋದಾಮು ಹೇಗೆ ಕಾಯುತ್ತದೆ ಎಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಜೋಡಿಯನ್ನು ಪೆಟ್ಟಿಗೆಗೆ ಹಾಕಿ ವಾಪಸು ಕೊಟ್ಟೆ.

ಆಮೇಲೆ ಬಂದದ್ದು ಅದೇ ಬೂಟಿನ ‘ಮುಂದಿನ ಆವೃತ್ತಿ’. ಬಣ್ಣ ಅದೇ, ಹೆಸರಿಗೆ ಒಂದು ಬಾಲ. ಹಾಕಿಕೊಂಡರೆ ಕಿರುಬೆರಳು ಉರಿಯುತ್ತಿತ್ತು. ಎರಡನ್ನೂ ಹಿಡಿದುಕೊಂಡು ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ಹೊಲಿಯುವ ಕಾಕಾನ ಬಳಿ ಹೋದೆ. ಆತ ಹಳೇದು, ಹೊಸದು ಎರಡನ್ನೂ ಸೋಲಿಗೆ ಸೋಲ್ ತಾಗಿಸಿ ಬೆಳಕಿಗೆ ಹಿಡಿದ. ಹಿಮ್ಮಡ ಸರಿಯಾಗಿ ಕೂಡಿತು, ಬೆರಳಿನ ಹತ್ತಿರ ಹಳೇ ಬೂಟು ಎರಡೂ ಬದಿಗೆ ಹೊರಗೆ ಚಾಚಿತ್ತು. ‘ಫರ್ಮಾ ಬದಲಾಗ್ಯಾದ್ರಿ ಮಾಸ್ತರ. ಹೆಸರು ಹಳೇದದ, ಕಾಲು ಬ್ಯಾರೇದವರ್ದು’ ಅಂದ. ಬೂಟು ರೂಪ ಪಡೆಯುವುದು ಫರ್ಮಾದ ಮೇಲೆ, ಅಂದರೆ ಪಾದದ ಆಕಾರದ ಅಚ್ಚಿನ ಮೇಲೆ. ಫೋಮು, ಬಟ್ಟೆ, ಲೇಸು ಏನೇ ಇರಲಿ, ಅಚ್ಚು ಬದಲಾದರೆ ಅದು ಬೇರೆ ಬೂಟು. ಜಾಹೀರಾತಿನಲ್ಲಿ ಇದೊಂದನ್ನು ಬಿಟ್ಟು ಉಳಿದೆಲ್ಲ ಬರೆದಿರುತ್ತಾರೆ.

ಅಂದಿನಿಂದ ಹೆಸರು ಹುಡುಕುವುದು ಬಿಟ್ಟು ಅಳತೆ ಹುಡುಕತೊಡಗಿದೆ. ಹಳೇ ಬೂಟಿನ ಒಳಗಿನ ಅಟ್ಟೆ ಕಿತ್ತು ತೆಗೆದು ಕಾಗದದ ಮೇಲಿಟ್ಟು ಪೆನ್ಸಿಲ್ ಸುತ್ತಿಸಿದೆ. ವಿಜ್ಞಾನದ ಮಾಸ್ತರರಿಂದ ವರ್ನಿಯರ್ ಕ್ಯಾಲಿಪರ್ಸ್ ತಂದು ಹಿಮ್ಮಡದ ಕೆಳಗಿನ ದಪ್ಪ, ಬೆರಳ ಬುಡದ ಕೆಳಗಿನ ದಪ್ಪ ತೆಗೆದೆ. ಇವೆರಡರ ವ್ಯತ್ಯಾಸ ಮುಖ್ಯ. ಬಹಳಷ್ಟು ಓಟದ ಬೂಟುಗಳಲ್ಲಿ ಅದು 8ರಿಂದ 12 ಮಿಲಿಮೀಟರ್. ಇದಕ್ಕೆ ಒಗ್ಗಿದ ಕಾಲಿಗೆ ಒಮ್ಮೆಲೆ ಸಪಾಟು ಬೂಟು ಹಾಕಿದರೆ ಭಾರ ಮೀನಖಂಡಕ್ಕೂ ಹಿಮ್ಮಡದ ನರಕ್ಕೂ ಸರಿಯುತ್ತದೆ, ವಾರದೊಳಗೆ ಮೆಟ್ಟಿಲಿಳಿಯುವುದೇ ಕಷ್ಟವಾಗುತ್ತದೆ. ತೂಕಕ್ಕೆ ಕಿರಾಣಿ ಅಂಗಡಿಯ ತಕ್ಕಡಿ ಸಾಕಾಯಿತು. ಅಂಗಡಿಯವನು ಮಾತ್ರ ತಟ್ಟೆಗೆ ಕಾಗದ ಹಾಸಿ, ಆಮೇಲೆ ಎರಡು ಸಲ ತೊಳೆದ.

ನಂಬರಿನ ವಿಷಯದಲ್ಲೂ ಒಂದು ತಮಾಷೆ ಇದೆ. ನಾವು ಹೇಳುವ 7, 8, 9 ಬ್ರಿಟಿಷರ ಲೆಕ್ಕ. ಒಂದು ನಂಬರಿಗೂ ಮುಂದಿನದಕ್ಕೂ ಒಂದು ಬಾರ್ಲಿ ಕಾಳಿನಷ್ಟು ಅಂತರ, ಇಂಚಿನ ಮೂರನೇ ಒಂದು ಭಾಗ. ಜೋಳ, ತೊಗರಿಯ ಸೀಮೆಯಲ್ಲಿ ನಮ್ಮ ಕಾಲು ಅಳೆಯುವುದು ಬಾರ್ಲಿಯಲ್ಲಿ! ಯುರೋಪಿನ 42, 43ರ ನಡುವೆ 6.67 ಮಿಲಿಮೀಟರ್ ಅಂತರ. ಎರಡು ಲೆಕ್ಕ ಸರಿಯಾಗಿ ಕೂಡುವುದಿಲ್ಲ, ಕಂಪನಿಯಿಂದ ಕಂಪನಿಗೆ ಪಟ್ಟಿ ಬೇರೆ. ಪೆಟ್ಟಿಗೆಯ ಚೀಟಿಯಲ್ಲಿ ಸೆಂಟಿಮೀಟರ್ ಬರೆದಿದ್ದರೆ ಅದನ್ನು ಹಿಡಿಯುವುದು ಮೇಲು.

ಉದ್ದ ಹೇಗೋ ಸಿಗುತ್ತದೆ, ಸಿಗದಿರುವುದು ಅಗಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆಸಿತು. ನಮ್ಮವರ ಪಾದ ಪಾಶ್ಚಾತ್ಯರದಕ್ಕಿಂತ ಅಗಲ ಎಂದು ಕಂಡುಬಂದು, ‘ಭ’ ಎಂಬ ಹೊಸ ಅಳತೆಯ ಪ್ರಸ್ತಾವ ಹುಟ್ಟಿತು. ಅದು ಅಂಗಡಿಗೆ ಬರುವತನಕ ಜನ ಮಾಡುವುದು ಒಂದೇ ಉಪಾಯ: ಅಗಲ ಸಾಲದಿದ್ದರೆ ನಂಬರು ಏರಿಸುವುದು. ನನ್ನ ಹುಡುಗರಲ್ಲಿ ಅರ್ಧ ಜನ ಹೀಗೆ ದೊಡ್ಡ ಬೂಟು ಹಾಕಿಕೊಂಡು ಹಿಮ್ಮಡ ಜಾರಿಸುತ್ತ ಓಡುತ್ತಾರೆ. ಇಳಿಜಾರಿನಲ್ಲಿ ಪಾದ ಮುಂದಕ್ಕೆ ನುಗ್ಗಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಕೆಲವು ಕಂಪನಿಗಳು 2ಇ, 4ಇ ಎಂಬ ಗುರುತಿನಲ್ಲಿ ಅಗಲದ ಬೂಟು ಮಾಡುತ್ತವೆ. ಕಲಬುರಗಿಯಲ್ಲಿ ನಾನು ಹೊಕ್ಕ ಅಂಗಡಿಗಳಲ್ಲಿ ಹಾಗೆ ಕೇಳಿದರೆ ಮುಖ ನೋಡಿದರು, ಆನ್‌ಲೈನ್‌ನಲ್ಲಿ ಸಿಕ್ಕವು.

ನನ್ನ ಅಗಲ ತಿಳಿಯಲು ಮನೆಯಂಗಳದ ಶಹಾಬಾದ್ ಪರ್ಶಿಯೇ ಸಾಕಿತ್ತು. ಸಂಜೆ, ಕಾಲು ತುಸು ಬಾತಿರುವ ಹೊತ್ತಿಗೆ, ಪಾದ ತೋಯಿಸಿ ಪರ್ಶಿಯ ಮೇಲೆ ಊರಿ ನಿಂತರೆ ಕಪ್ಪು ಗುರುತು ಬೀಳುತ್ತದೆ. ಆರುವ ಮುನ್ನ ಸೀಮೆಸುಣ್ಣದಿಂದ ಅಂಚು ಎಳೆಯಬೇಕು. ಈ ಗುರುತು ನೋಡಿ ‘ನಿಮ್ಮದು ಸಪಾಟು ಪಾದ, ಇಂಥದೇ ಬೂಟು ಬೇಕು’ ಎಂದು ಹೇಳುವವರಿದ್ದಾರೆ. ಅದನ್ನು ನಾನು ನಂಬುವುದಿಲ್ಲ. ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಪಾದದ ಕಮಾನು ನೋಡಿ ಒಂದು ಗುಂಪಿಗೆ ಬೂಟು ಹಂಚಿದರು, ಇನ್ನೊಂದು ಗುಂಪಿಗೆ ಎಲ್ಲರಿಗೂ ಒಂದೇ ಬಗೆ ಕೊಟ್ಟರು. ಗಾಯಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೋ ನಿಗ್ 2015ರಲ್ಲಿ ಮಂಡಿಸಿದ ವಾದ ಇದಕ್ಕಿಂತ ಸರಳ: ಹಾಕಿದಾಗ ಹಿತವೆನಿಸಿದ ಬೂಟೇ ಆ ಓಟಗಾರನ ನಡಿಗೆಗೆ ಹೊಂದುವ ಬೂಟು. ‘ಒಂದು ವಾರ ಹಾಕಿದರೆ ಸಡಿಲಾಗ್ತದ’ ಎನ್ನುವ ಅಂಗಡಿ ಮಾತಿಗೆ ಇದೇ ಉತ್ತರ. ಫರ್ಮಾ ಕಿರಿದಾಗಿದ್ದರೆ ವಾರವಲ್ಲ, ಬೂಟು ಹರಿಯುವತನಕ ಕಿರಿದೇ.

ಅಳತೆಯ ಕಾಗದ ಜೇಬಿನಲ್ಲಿದ್ದರೆ ಆಯ್ಕೆ ತಾನಾಗಿ ಕಡಿಮೆಯಾಗುತ್ತದೆ. ದಪ್ಪ ಮೆತ್ತೆಯ ಹೊಸ ಫ್ಯಾಷನ್ನಿನವು ಡಾಂಬರಿನ ಮೇಲೆ ಸುಖ ಕೊಟ್ಟವು, ಮೊರಂ ಮೇಲೆ ಕಾಲ್ಮಣಿ ಹೊರಳಿಸಿದವು. ಎತ್ತರ ಹೆಚ್ಚಿದಷ್ಟೂ ಉರುಳುವ ಹರಳಿನ ಮೇಲೆ ನಿಲುವು ತಪ್ಪುತ್ತದೆ. ಕಾಡುದಾರಿಗೆಂದೇ ಮಾಡಿದ, ಹಲ್ಲು ಒತ್ತೊತ್ತಾಗಿರುವ ಬೂಟು ಮೊರಂನಲ್ಲಿ ಗಟ್ಟಿ ನಿಂತಿತು, ಎರಿ ಹೊಲದ ದಾರಿಯಲ್ಲಿ ಹಲ್ಲಿನ ಸಂದೆಲ್ಲ ರಾಡಿ ತುಂಬಿ ಎರಡೂ ಕಾಲು ಗಡಿಗೆಯಷ್ಟಾದವು. ಹಲ್ಲು ದೂರದೂರ ಇದ್ದರೆ ರಾಡಿ ಉದುರುತ್ತದೆ. ಮಳೆಗಾಲದ ಎರಿಗೆ ಅದೂ ಸಾಲದು; ಆಗ ಡಾಂಬರು ಬಿಡದಿರುವುದೇ ಜಾಣತನ. ಬೇಸಿಗೆಯಲ್ಲಿ ಅದೇ ನೆಲ ಬಿರುಕು ಬಿಟ್ಟು ಪಾದ ನುಂಗುವಂತಿರುತ್ತದೆ, ತೊಗರಿ ಕೂಳೆ ಸೋಲಿಗೆ ಚುಚ್ಚುತ್ತದೆ. ಹುಡುಗರು ಮೆಚ್ಚುವ ಮಲೇರ್‌ಕೋಟ್ಲಾದ ಸೇಗಾ, ನೇಪಾಳದ ಗೋಲ್ಡ್‌ಸ್ಟಾರ್ ಎರಡನ್ನೂ ಹಾಕಿ ನೋಡಿದೆ. ಬೆಲೆ ಕಡಿಮೆ, ಹಗುರ, ಮೈದಾನದ 1600 ಮೀಟರಿಗೆ ಹೇಳಿ ಮಾಡಿಸಿದಂತೆ. ನನ್ನ ವಯಸ್ಸಿನ ಮೊಣಕಾಲಿಗೆ ತಾಸುಗಟ್ಟಲೆ ಡಾಂಬರಿನಲ್ಲಿ ಇನ್ನಷ್ಟು ಮೆತ್ತೆ ಬೇಕೆನಿಸಿತು, ಅಷ್ಟೆ.

ಕೊನೆಗೆ ನೆಲೆ ನಿಂತದ್ದು ನಾನು ಕೇಳಿಯೇ ಇರದ ಕಂಪನಿಯ, ಅಗಲದ ಗುರುತಿನ ಒಂದು ಬೂಟಿಗೆ. ಅಟ್ಟೆ ಹಳೇ ಕಾಗದದ ಮೇಲೆ ಹೆಚ್ಚುಕಡಿಮೆ ಗೆರೆಗೆ ಗೆರೆ ಕೂಡುತ್ತದೆ, ಹಿಮ್ಮಡ ಒಂದಿಷ್ಟು ಎತ್ತರ, ಬಣ್ಣ ಮಾತ್ರ ಜಾತ್ರೆಯ ಬಲೂನಿನದು. ಮೊದಲ ಎರಡು ವಾರ ದಿನ ಬಿಟ್ಟು ದಿನ, ಸವೆದ ಹಳೇ ಜೋಡಿಯ ಜೊತೆ ಅದಲುಬದಲು ಹಾಕಿದೆ. ಹುಡುಗರು ಅದೇ ಬೇಕೆಂದರು. ಹೆಸರು ಹೇಳುವ ಬದಲು ಒಬ್ಬೊಬ್ಬರನ್ನೂ ಶಾಲೆಯ ಪರ್ಶಿಯ ಮೇಲೆ ಹಸಿಗಾಲಲ್ಲಿ ನಿಲ್ಲಿಸಿ ಸೀಮೆಸುಣ್ಣ ಕೈಗೆ ಕೊಟ್ಟೆ. ಒಬ್ಬನಿಗೆ ತನ್ನ ಎಡಗಾಲು ಬಲಗಾಲಿಗಿಂತ ಉದ್ದ ಎಂದು ಆ ದಿನ ಗೊತ್ತಾಯಿತು. ಅಂಥವರು ದೊಡ್ಡ ಕಾಲಿಗೆ ಕೊಂಡು, ಚಿಕ್ಕದಕ್ಕೆ ದಪ್ಪ ಕಾಲುಚೀಲ ಹಾಕಬೇಕು.

ಈ ಬೂಟೂ ನಿಲ್ಲುತ್ತದೆ, ಸಂಶಯವಿಲ್ಲ. ಮುಂಜಾಗ್ರತೆಗೆ ಒಂದು ಜೋಡಿ ಹೆಚ್ಚಿಗೆ ತರಿಸಿದ್ದೇನೆ. ಎರಡು ತರಿಸಲಿಲ್ಲ, ಫೋಮಿಗೆ ಪೆಟ್ಟಿಗೆಯಲ್ಲೂ ವಯಸ್ಸಾಗುತ್ತದೆ. ತರಿಸಿದ ತಿಂಗಳನ್ನು ನಾಲಿಗೆಯ ಒಳಗೆ ಮಾರ್ಕರ್ ಪೆನ್ನಿನಲ್ಲಿ ಬರೆದು, ಮಾಳಿಗೆಯ ಬಿಸಿ ತಾಗದ ಹಾಗೆ ಕೆಳಗಿನ ಕೋಣೆಯ ಜೋಳದ ಚೀಲದ ಪಕ್ಕ ಇಟ್ಟಿದ್ದೇನೆ. ಅಲ್ಲಿ ಇಡುವುದಕ್ಕೆ ಮನೆಯವಳ ತಕರಾರು ಇನ್ನೂ ಮುಗಿದಿಲ್ಲ.