ವ್ಯಸನಮುಕ್ತಿ ಆಪ್ತಸಮಾಲೋಚಕರಾಗಬೇಕೆ? ಹೀಗೆ ಶುರು ಮಾಡಿ

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಹೊರಬಂತು. ಮದ್ಯವ್ಯಸನಕ್ಕೆ ಬಿದ್ದ 38 ಜನರಲ್ಲಿ ಯಾವುದಾದರೊಂದು ಚಿಕಿತ್ಸೆ ಸಿಗುತ್ತಿದ್ದುದು ಒಬ್ಬರಿಗೆ ಮಾತ್ರ. ಉಳಿದ ಮೂವತ್ತೇಳು ಮನೆಗಳಲ್ಲಿ ದಿನನಿತ್ಯ ಏನಾಗುತ್ತದೆಂಬುದು ನಮಗೆಲ್ಲ ಗೊತ್ತು. ಈ ಕೆಲಸಕ್ಕೆ ಜನ ಬೇಕು, ಅದರಲ್ಲೂ ಕನ್ನಡದಲ್ಲಿ ಮಾತಾಡಿಸಬಲ್ಲವರು ಬೇಕು.

ಹೆಜ್ಜೆ 1: ಓದು. ಮನಃಶಾಸ್ತ್ರದಲ್ಲಿ ಪದವಿ ಅಥವಾ ಬಿಎಸ್‌ಡಬ್ಲ್ಯೂ, ಆಮೇಲೆ ಎಂಎಸ್‌ಡಬ್ಲ್ಯೂ ಅಥವಾ ಮನಃಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ. ಇದು ಸಾಮಾನ್ಯ ದಾರಿ. ಆಳಕ್ಕೆ ಇಳಿಯಬೇಕೆನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಅಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಹೆಜ್ಜೆ 2: ದೇಹಕ್ಕೆ ಏನಾಗುತ್ತದೆಂದು ಮೊದಲು ತಿಳಿಯಿರಿ. ಮಾತು ಆಮೇಲೆ. ವರ್ಷಗಟ್ಟಲೆ ದಿನವೂ ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ, ನಿದ್ದೆ ಹಾರಿಹೋಗುತ್ತದೆ. ಕೆಲವರಿಗೆ ಮೊದಲ ಎರಡು ದಿನಗಳೊಳಗೇ ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣಿಸಿ, ಜಾಗ ಯಾವುದು, ಹೊತ್ತು ಯಾವುದು ಎಂದೇ ತಿಳಿಯದಂತಾದರೆ ಅದು ಜೀವಕ್ಕೇ ಅಪಾಯ. ಇಂಥವರನ್ನು ಕೂರಿಸಿಕೊಂಡು ಸಮಾಲೋಚನೆ ಮಾಡಬಾರದು, ತಕ್ಷಣ ವೈದ್ಯರ ಬಳಿ ಕಳಿಸಬೇಕು. ಇನ್ನೊಂದು ಮಾತು: ಗಂಡನಿಗೆ ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸುವ ಪುಡಿ ಕೊಡಿ ಎಂದು ಕೇಳುವ ಹೆಂಗಸರು ಖಂಡಿತ ಬರುತ್ತಾರೆ. ಅವರನ್ನು ಗದರಬೇಡಿ. ಆದರೆ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್‌ನಂಥ ಮಾತ್ರೆ ಒಳಗಿರುವಾಗ ತಿಳಿಯದೆ ಕುಡಿದರೆ ಪ್ರಾಣಕ್ಕೇ ಕುತ್ತು ಬರಬಹುದೆಂದು ಬಿಡಿಸಿ ಹೇಳಿ.

ಹೆಜ್ಜೆ 3: ಹೋಗಿ ಕೂತು ಕೇಳಿ. ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಮುಕ್ತ ಸಭೆಗಳಿಗೆ ಯಾರು ಬೇಕಾದರೂ ಹೋಗಬಹುದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನೂ ನೋಡಿ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಹೇಗೆ ಜೊತೆಗೂಡಿಸಿ ಇಟ್ಟುಕೊಳ್ಳುತ್ತಾರೆ ಎಂಬುದನ್ನು ಗಮನಿಸಿ. ಕೆಲಸದ ಫಲ ಉಳಿಯುವುದು ಅಲ್ಲೇ.

ಹೆಜ್ಜೆ 4: ಕೇಳುವುದನ್ನು ಕಲಿಯಿರಿ. ಹೆಚ್ಚು ಕಾಲ ಹಿಡಿಯುವುದು ಇದಕ್ಕೇ. ‘ಎಷ್ಟು ಕುಡೀತೀರಿ?’ ಎಂದರೆ ‘ಸ್ವಲ್ಪ ಸಾರ್’ ಎಂಬ ಉತ್ತರವೇ ಬರುತ್ತದೆ. ‘ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಾ ಅಣ್ಣಾ? ಮೊದಲನೇ ಕ್ವಾರ್ಟರ್ ಎಷ್ಟೊತ್ತಿಗೆ?’ ಎಂದು ಕೇಳಿದರೆ ನಿಜ ಹೊರಗೆ ಬರುತ್ತದೆ. ಹೆಂಡತಿ ಮಕ್ಕಳ ಮುಖ ನೋಡಿಯಾದರೂ ಬಿಡಿ ಎಂಬ ಉಪದೇಶವನ್ನು ಆತ ನೂರಾರು ಸಲ ಕೇಳಿದ್ದಾನೆ, ನಿಮ್ಮದೂ ಅದರ ಜೊತೆ ಸೇರುತ್ತದೆ ಅಷ್ಟೆ. 1983ರಲ್ಲಿ ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ ಬರೆದು ತೋರಿಸಿದ ದಾರಿ ಬೇರೆ: ಬಿಡಬೇಕೆಂಬ ಮಾತು ಕುಡಿಯುವವನ ಬಾಯಿಂದಲೇ ಬರಬೇಕು. ಅದಕ್ಕೊಂದು ಸರಳ ಪ್ರಶ್ನೆ ಇದೆ.

‘ಸೊನ್ನೆಯಿಂದ ಹತ್ತರೊಳಗೆ, ಬಿಡೋದು ನಿಮಗೆ ಎಷ್ಟು ಮುಖ್ಯ?’

‘ನಾಲ್ಕು ಅನ್ನಿ.’

‘ಒಂದು ಅನ್ನಲಿಲ್ವಲ್ಲ, ಯಾಕೆ?’

ಎಂಟು ಯಾಕಲ್ಲ ಎಂದು ಕೇಳಿದ್ದರೆ ಆತ ಕುಡಿತದ ಪರವಾಗಿ ವಾದಕ್ಕೆ ನಿಲ್ಲುತ್ತಿದ್ದ. ಒಂದು ಯಾಕಲ್ಲ ಎಂದಾಗ ಮಗಳ ಶಾಲೆಯ ಮಾತು ಬರುತ್ತದೆ, ಹೋದ ತಿಂಗಳ ಸಂಬಳದ ಮಾತು ಬರುತ್ತದೆ. ನೀವು ಸುಮ್ಮನಿರಿ.

ಹೆಜ್ಜೆ 5: ಮತ್ತೆ ಕುಡಿದು ಬಂದವರನ್ನು ಬಿಟ್ಟುಕೊಡಬೇಡಿ. ಮರುಕಳಿಸುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಯಾವ ದಿನ, ಯಾರ ಜೊತೆ, ಯಾವ ಹೊತ್ತಿಗೆ ಕುಡಿದರು ಎಂದು ಕೂಡಿ ಕೂತು ಬರೆಯಿರಿ. ಮುಂದಿನ ಸಂಬಳದ ದಿನ ಏನು ಮಾಡುವುದೆಂದು ಇವತ್ತೇ ನಿಶ್ಚಯವಾಗಲಿ.

ಹೆಜ್ಜೆ 6: ಮುಂದಾಳಾಗುವುದು. ಚೆನ್ನೈನ ಶಾಂತಿ ರಂಗನಾಥನ್ ಕುಡಿತಕ್ಕೆ ಗಂಡನನ್ನು ಕಳೆದುಕೊಂಡವರು. 1980ರಲ್ಲಿ ಅವರು ಕಟ್ಟಿದ ಸಂಸ್ಥೆ ನಡೆಸುವ ಟಿ.ಟಿ.ಕೆ. ಆಸ್ಪತ್ರೆ ಮುಂದೆ ಅನೇಕ ಆಪ್ತಸಮಾಲೋಚಕರಿಗೆ ತರಬೇತಿಯ ಜಾಗವಾಯಿತು. ನಿಮ್ಮ ಕೈಗೆ ಒಂದು ಕೇಂದ್ರದ ಹೊಣೆ ಬಂದಾಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಪೂರ್ತಿ ಓದಿ. ಕುಡಿತ, ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಸರಪಳಿ ಹಾಕುವಂತಿಲ್ಲ, ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ರೋಗಿಯ ಗುಟ್ಟು ಹೊರಗೆ ಹಾಕುವಂತಿಲ್ಲ. ವ್ಯಸನಿಯನ್ನು ಹೊಡೆದು ಬಡಿದು ತಿದ್ದಬೇಕೆಂದು ನಂಬಿದ ಸಿಬ್ಬಂದಿ ಸಿಗುತ್ತಾರೆ, ಹಾಗೆ ಮಾಡಿ ಎಂದು ಕೇಳುವ ಮನೆಯವರೂ ಸಿಗುತ್ತಾರೆ. ಮೊದಲ ದಿನವೇ ಇಬ್ಬರಿಗೂ ಇಲ್ಲ ಎನ್ನುವವರೇ ಮುಂದಾಳು.

ವಾರಕ್ಕೊಮ್ಮೆ ಎಲ್ಲ ಸಮಾಲೋಚಕರನ್ನೂ ಕೂರಿಸಿ, ಅವರಿಗೆ ಕಷ್ಟವಾದ ಒಂದು ಪ್ರಕರಣವನ್ನು ಚರ್ಚಿಸಿ. ದಿನವಿಡೀ ಬೇರೆಯವರ ಸಂಕಟ ಕೇಳುವವರಿಗೂ ಹೇಳಿಕೊಳ್ಳಲು ಒಂದು ಜಾಗ ಬೇಕು. ವ್ಯಸನದಿಂದ ಹೊರಬಂದವರನ್ನು ಕೆಲಸಕ್ಕೆ ತೆಗೆದುಕೊಳ್ಳಿ, ಸರಿಯಾದ ಸಂಬಳ ಕೊಡಿ. ಅವರಲ್ಲಿ ಯಾರಾದರೂ ಮತ್ತೆ ಎಡವಿದರೆ ರಜೆ ಏನು, ಚಿಕಿತ್ಸೆ ಏನು, ಕೆಲಸಕ್ಕೆ ಮರಳುವುದು ಹೇಗೆ ಎಂಬುದು ನೇಮಕದ ದಿನವೇ ಬರವಣಿಗೆಯಲ್ಲಿರಲಿ. ನೀವೂ ಕುರ್ಚಿ ಸಿಕ್ಕಿತೆಂದು ರೋಗಿಗಳನ್ನು ನೋಡುವುದನ್ನು ಪೂರ್ತಿ ನಿಲ್ಲಿಸಬೇಡಿ, ವಾರಕ್ಕೆ ಇಬ್ಬರನ್ನಾದರೂ ಇಟ್ಟುಕೊಳ್ಳಿ.